ಬಚ್ಚಲ ನೀರಿನಷ್ಟೇ ಹಿತ್ತಲು

ಹೀರೆ ಹೂ ಅರಳುವುದು ಸಂಜೆ. ಐದೂವರೆ, ಆರರ ಹೊತ್ತಿಗೆ ತಾರಸಿಗೆ ಹೋದರೆ ಹಳದಿ ಹೂಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿರುತ್ತವೆ. ಗೊಂಚಲು ಗೊಂಚಲಾಗಿ ಬರುವುದೆಲ್ಲ ಗಂಡು ಹೂ. ಹೆಣ್ಣು ಹೂ ಒಂಟಿ. ಅದರ ಹಿಂದೆ ಕಿರುಬೆರಳಿನಷ್ಟು ಉದ್ದದ, ಆಗಲೇ ಏಣು ಮೂಡಿದ ಹೀಚು ಇರುತ್ತದೆ. ನಮ್ಮದು ಮೂರನೇ ಮಹಡಿಯ ಮೇಲಿನ ತಾರಸಿ. ಆ ಹೊತ್ತಿನಲ್ಲಿ ಅಷ್ಟೆತ್ತರಕ್ಕೆ ಹುಳುಹುಪ್ಪಟೆ ಬರುವುದು ಅಪರೂಪ. ಹಾಗಾಗಿ ನಾನೇ ಒಂದು ಗಂಡು ಹೂ ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರುತ್ತೇನೆ. ಮೊನ್ನೆ ಹೀಗೆ ಮೊಬೈಲ್ ಬೆಳಕಿನಲ್ಲಿ ಸವರುತ್ತಿದ್ದಾಗಲೇ ಗೆಳತಿಯ ಸಂದೇಶ ಬಂತು: "ಈ ಬೇಸಿಗೆಗೆ ನಾನೂ ತಾರಸಿ ತೋಟ ಶುರು ಮಾಡುತ್ತಿದ್ದೇನೆ ಕಣೇ. ಐವತ್ತು ಗ್ರೋ ಬ್ಯಾಗ್ ತಂದಾಯಿತು. ಟೊಮೆಟೊ ಸಸಿ ಎಲ್ಲಿ ಸಿಗುತ್ತದೆ?"

ಅವಳಿಗೆ ಫೋನಿನಲ್ಲಿ ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತಿದ್ದೇನೆ. ಬೇಸಿಗೆಯಲ್ಲಿ ತಾರಸಿಯ ಮೇಲೆ ಎಷ್ಟು ಕುಂಡ ಇಡಬೇಕು ಎಂಬುದನ್ನು ತಾರಸಿಯ ಅಳತೆ ನೋಡಿ ತೀರ್ಮಾನಿಸಬಾರದು. ಮನೆಯಲ್ಲಿ ಒಮ್ಮೆ ಬಳಸಿದ ನೀರು ದಿನಕ್ಕೆ ಎಷ್ಟು ಬಕೆಟ್ ಸಿಗುತ್ತದೋ ಅಷ್ಟಕ್ಕೆ ಮಾತ್ರ ಗಿಡ ಇಡಬೇಕು. ಈ ಮಾತನ್ನು ನಾನು ಗಟ್ಟಿಯಾಗಿ ಹೇಳುತ್ತಿರುವುದಕ್ಕೆ ಕಾರಣ 2024ರ ಬೇಸಿಗೆ.

ಆ ವರ್ಷ ಜನವರಿಯಲ್ಲಿ ನನ್ನ ಬಳಿ ಅರವತ್ತೆರಡು ಕುಂಡಗಳಿದ್ದವು. ಟೊಮೆಟೊ, ಹುರುಳಿಕಾಯಿ, ದಪ್ಪ ಮೆಣಸಿನಕಾಯಿ, ಬೆಂಡೆ, ಹೂಕೋಸು, ಸೊಪ್ಪುಗಳು. ಹಿಂದಿನ ವರ್ಷ ಮುಂಗಾರು ಕೈಕೊಟ್ಟಿದ್ದು ಗೊತ್ತಿತ್ತು. ಆದರೆ ನಲ್ಲಿ ತಿರುಗಿಸಿದರೆ ನೀರು ಬರುತ್ತಿರುವಾಗ ಆ ಮಾತು ಮನಸ್ಸಿಗೆ ನಾಟುವುದಿಲ್ಲ. ಫೆಬ್ರವರಿ ಕೊನೆಗೆ ನಮ್ಮ ಕಟ್ಟಡದ ಕೊಳವೆಬಾವಿ ಕೆಸರು ಉಗುಳಿ ನಿಂತಿತು. ಬೆಂಗಳೂರಿನ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಮುಖ್ಯಮಂತ್ರಿಗಳೇ ಹೇಳಿದರು. ಮಾರ್ಚ್‌ನಲ್ಲಿ ಜಲಮಂಡಳಿಯ ಆದೇಶ ಬಂತು: ಕುಡಿಯುವ ನೀರನ್ನು ವಾಹನ ತೊಳೆಯಲು, ಕೈತೋಟಕ್ಕೆ ಬಳಸುವಂತಿಲ್ಲ, ಬಳಸಿದರೆ 5,000 ರೂಪಾಯಿ ದಂಡ.

ನನಗೆ ಮೊದಲು ಬಂದದ್ದು ಸಿಟ್ಟು. ಕಾರು ತೊಳೆಯುವುದೂ ತರಕಾರಿ ಬೆಳೆಯುವುದೂ ಒಂದೇ ಏನು ಎಂದು ಮನೆಯಲ್ಲಿ ಎರಡು ದಿನ ವಾದ ಮಾಡಿದೆ. ಮೂರನೆಯ ದಿನ ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆ ಎಂದೂ ಇಲ್ಲದಂತೆ ಒಂದು ಗಂಟೆ ತಡವಾಗಿ ಬಂದಳು. "ಬೆಳಗಿನ ನಾಲ್ಕಕ್ಕೇ ಹೋಗಿ ಸಾಲಿನಲ್ಲಿ ನಿಂತಿದ್ದೆ ಅಕ್ಕಾ. ಎರಡು ಕೊಡ ಸಿಕ್ಕಿತು," ಎಂದಳು. ನಾನು ಆಗತಾನೇ ಟೊಮೆಟೊ ಸಾಲಿಗೆ ನಾಲ್ಕು ಬಕೆಟ್ ನೀರು ಹಾಕಿ ಕೆಳಗಿಳಿದಿದ್ದೆ. ಅಂದಿನಿಂದ ಆ ಆದೇಶ ಸರಿ ಎಂದೇ ವಾದಿಸುತ್ತಿದ್ದೇನೆ. ನಗರಕ್ಕೆ ಕಾವೇರಿ ನೀರು ತರುವ ಯೋಜನೆಯ ಐದನೇ ಹಂತದ ನೀರು ಬಂದ ಮೇಲೂ ನನ್ನ ಅಭಿಪ್ರಾಯ ಬದಲಾಗಿಲ್ಲ. ನೂರು ಕಿಲೋಮೀಟರ್ ದೂರದಿಂದ, ಅಷ್ಟೆತ್ತರಕ್ಕೆ, ಅಷ್ಟು ವಿದ್ಯುತ್ ಸುರಿದು ಪಂಪ್ ಮಾಡಿ ತರುವ ನೀರು ಅದು.

ಅಲ್ಲಿಂದ ಶುರುವಾಯಿತು ನೋಡಿ, ಆ ಬೇಸಿಗೆಯ ಕಷ್ಟ. ಕುಡಿಯುವ ನೀರಿನ ಆರ್‌ಒ ಯಂತ್ರ ಹೊರಬಿಡುವ ನೀರು ಸುಮ್ಮನೆ ಚರಂಡಿಗೆ ಹೋಗುತ್ತದಲ್ಲ ಎಂದು ಅದನ್ನೇ ಹಿಡಿದು ದಿನವೂ ಗಿಡಗಳಿಗೆ ಹಾಕತೊಡಗಿದೆ. ಮೂರು ವಾರದಲ್ಲಿ ಹುರುಳಿಕಾಯಿ ಗಿಡಗಳ ಎಲೆಯಂಚು ಬೆಂಕಿ ತಾಗಿದಂತೆ ಕಂದು ಬಣ್ಣಕ್ಕೆ ತಿರುಗಿತು. ನೀರು ಸಾಲದೆಂದು ಇನ್ನಷ್ಟು ಹಾಕಿದೆ. ಒಂದು ದಿನ ಕುಂಡದ ಮಣ್ಣು ಕೆದರಲು ಕುಳಿತಾಗ ಮೇಲ್ಗಡೆ ಸುಣ್ಣದ ಪೊರೆಯಂಥ ಬಿಳಿ ಪದರ ಕಂಡಿತು. ನಾಲಿಗೆಯ ತುದಿಗೆ ಮುಟ್ಟಿಸಿದೆ, ಉಪ್ಪು. ಯಂತ್ರ ನಮಗೆ ಸಿಹಿನೀರು ಕೊಟ್ಟು, ಆ ನೀರಿನಲ್ಲಿದ್ದ ಲವಣವನ್ನೆಲ್ಲ ಉಳಿದ ನೀರಿಗೆ ಸೇರಿಸಿ ಹೊರಬಿಡುತ್ತದೆ. ನಮ್ಮದೋ ಮೊದಲೇ ಟ್ಯಾಂಕರಿನ ಗಡಸು ನೀರು. ಮಳೆಗಾಲವಾಗಿದ್ದರೆ ಆ ಉಪ್ಪನ್ನು ಮಳೆಯೇ ತೊಳೆದುಬಿಡುತ್ತಿತ್ತು. ಬೇಸಿಗೆಯಲ್ಲಿ ನೀರು ಆವಿಯಾಗಿ ಉಪ್ಪು ಬೇರಿನ ಬಳಿಯೇ ಉಳಿಯುತ್ತದೆ. ಹುರುಳಿಕಾಯಿಗಂತೂ ಉಪ್ಪು ಕೊಂಚವೂ ಆಗಿಬರುವುದಿಲ್ಲ. ಒಂಬತ್ತು ಗಿಡಗಳನ್ನು ನನ್ನ ಕೈಯಾರೆ ನಾನೇ ಕೊಂದೆ ಎಂಬ ಸಂಕಟ ಇವತ್ತಿಗೂ ಹೋಗಿಲ್ಲ. ದಯವಿಟ್ಟು ಆ ನೀರನ್ನು ನೆಲ ಒರೆಸಲು ಬಳಸಿ, ಕುಂಡಕ್ಕೆ ಹಾಕಬೇಡಿ.

ಟೊಮೆಟೊ ಕಥೆ ಬೇರೆ. ಗಿಡ ಸೊಂಟದುದ್ದ ಬೆಳೆದು ಹೂ ತುಂಬಿಕೊಂಡಿತ್ತು. ಏಪ್ರಿಲ್‌ನಲ್ಲಿ ಪ್ರತಿದಿನ ಬೆಳಿಗ್ಗೆ ಆ ಹೂಗಳು ತೊಟ್ಟಿನ ಗೆಣ್ಣಿನಲ್ಲೇ ಕಳಚಿ ಕುಂಡದ ಸುತ್ತ ಬಿದ್ದಿರುತ್ತಿದ್ದವು. ಹಗಲಿನ ಬಿಸಿ 35 ಡಿಗ್ರಿ ದಾಟಿ, ರಾತ್ರಿಯೂ ತಂಪಾಗದಿದ್ದರೆ ಟೊಮೆಟೊ ಪರಾಗ ಕೆಲಸಕ್ಕೆ ಬಾರದು, ಕಾಯಿ ಕಚ್ಚುವುದಿಲ್ಲ. ಆ ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ ದಾಖಲಾಯಿತು. ಕಾಂಕ್ರೀಟ್ ತಾರಸಿಯ ಮೇಲೆ ಬರಿಗಾಲಿಡಲು ಆಗುತ್ತಿರಲಿಲ್ಲ. ಗೊಬ್ಬರ, ಬೇವಿನೆಣ್ಣೆ, ಹುಳಿ ಮಜ್ಜಿಗೆ ಯಾವುದನ್ನು ಹಾಕಿದರೂ ಸೆಕೆಯ ಮುಂದೆ ನಡೆಯುವುದಿಲ್ಲ. ಕಚ್ಚಿದ ನಾಲ್ಕಾರು ಕಾಯಿಗಳೂ ತಳದಲ್ಲಿ ಕಪ್ಪಗೆ ಕುಳಿಬಿದ್ದವು. ಒಂದು ದಿನ ನೀರು, ಎರಡು ದಿನ ಒಣಗು ಎಂದು ಮಾಡಿದರೆ ಬೇರು ಹೀರಿದ ಸುಣ್ಣದ ಅಂಶ ಕಾಯಿಯ ತುದಿಯವರೆಗೆ ತಲುಪುವುದಿಲ್ಲ. ಆಮೇಲೆ ಮೊಟ್ಟೆಸಿಪ್ಪೆ ಸುರಿದು ಪ್ರಯೋಜನವಿಲ್ಲ.

ತಿಪಟೂರು ಕಡೆಯಲ್ಲಿರುವ ಅಮ್ಮನಿಗೆ ಫೋನ್ ಮಾಡಿ ಅತ್ತೇಬಿಟ್ಟೆ. ಅವಳು ಸಮಾಧಾನ ಹೇಳಲಿಲ್ಲ. "ಬೇಸಿಗೆಯಲ್ಲಿ ಯಾರಾದರೂ ಟೊಮೆಟೊ ಹಾಕುತ್ತಾರೇನೇ ಹಿತ್ತಲಲ್ಲಿ? ನಮ್ಮ ಬಚ್ಚಲ ಮೋರಿ ಹತ್ತಿರ ಏನಿತ್ತು ನೆನಪು ಮಾಡಿಕೋ," ಎಂದಳು.

ಕಣ್ಣು ಮುಚ್ಚಿದರೆ ಎಲ್ಲವೂ ಕಂಡಿತು. ಬಚ್ಚಲ ನೀರು ಹರಿದು ಹೋಗುವ ಕಾಲುವೆಯ ಆ ಕಡೆ ಎರಡು ಬಾಳೆ, ಈ ಕಡೆ ಬಸಳೆ ಚಪ್ಪರ, ಕೊನೆಯಲ್ಲಿ ಕೆಸು. ಪಾತ್ರೆ ತೊಳೆಯುವ ಕಲ್ಲಿನ ಪಕ್ಕ ಒಂದು ಪಾತಿ ದಂಟಿನ ಸೊಪ್ಪು. ಬೇಲಿಯ ಮೇಲೆ ಹೀರೆ. ಅಷ್ಟೇ ಹಿತ್ತಲು. ಶಿವರಾತ್ರಿ ಕಳೆದ ಮೇಲೆ ಅಜ್ಜಿ ಆ ಕಾಲುವೆಯಿಂದ ನಾಲ್ಕಡಿ ಆಚೆಗೆ ಒಂದು ಬೀಜವನ್ನೂ ಊರುತ್ತಿರಲಿಲ್ಲ. ಬಾವಿಯಿಂದ ಸೇದಿದ ನೀರು ಜನರಿಗೆ ಮತ್ತು ದನಕ್ಕೆ. ಅವರು ಬಳಸಿ ಬಿಟ್ಟದ್ದು ಗಿಡಕ್ಕೆ. ಅವರೆ, ಬದನೆ, ಟೊಮೆಟೊಗಳ ಕಾಲ ಬೇರೆಯೇ ಇತ್ತು. ಅಷ್ಟು ವರ್ಷ ಕಣ್ಣೆದುರೇ ಇದ್ದ ಲೆಕ್ಕವನ್ನು ಪಟ್ಟಣಕ್ಕೆ ಬಂದು, ನಲ್ಲಿ ನೋಡಿ, ಮರೆತುಬಿಟ್ಟಿದ್ದೆ.

ಮರುದಿನವೇ ಅಳತೆ ಶುರುಮಾಡಿದೆ. ಮನೆಯಲ್ಲಿ ನಾವು ಮೂರು ಜನ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರು. ಸೋಪು ಹಾಕುವ ಮೊದಲು ಪಾತ್ರೆ ಜಾಲಿಸಿದ ನೀರು. ಬಿಸಿನೀರು ಬರುವವರೆಗೆ ಗೀಸರ್ ನಲ್ಲಿಯಿಂದ ಹರಿಯುವ ತಣ್ಣೀರು. ಒಂದು ವಾರ ಅಳೆದಾಗ ದಿನಕ್ಕೆ ಎರಡು ಬಕೆಟ್, ಅಂದರೆ ಸುಮಾರು ಮೂವತ್ತು ಲೀಟರ್ ಸಿಕ್ಕಿತು. ಹನ್ನೆರಡು ಇಂಚಿನ ಒಂದು ಚೀಲಕ್ಕೆ ನಮ್ಮ ತಾರಸಿಯ ಬಿಸಿಲಿನಲ್ಲಿ ಒಂದೂವರೆ ಲೀಟರ್ ಬೇಕು. ಇಪ್ಪತ್ತಕ್ಕೆ ಸರಿಹೋಯಿತು. ಎರಡನ್ನು ಬಿಟ್ಟು ಹದಿನೆಂಟು ಇಟ್ಟುಕೊಂಡು ಉಳಿದ ಕುಂಡಗಳನ್ನು ಖಾಲಿ ಮಾಡಿ ಮೆಟ್ಟಿಲಿನ ಕೆಳಗೆ ಜೋಡಿಸಿದೆ. ಗಿಡ ಕೀಳುವಾಗ ಕೈ ನಡುಗಿತು.

ಉಳಿದ ಹದಿನೆಂಟರ ಮಣ್ಣಿನ ಮೇಲೆ ಮೂರು ಬೆರಳು ದಪ್ಪ ತೆಂಗಿನ ನಾರು, ಒಣ ಎಲೆ ಹೊದಿಸಿದೆ. ಬಸಳೆ, ದಂಟು, ಅಲಸಂದೆ, ಹೀರೆ, ಆರು ಬೆಂಡೆ. ಬೆಂಡೆಗೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಬೀಜ ಹಾಕಿದ್ದೆ. ಎಲೆಯ ನರ ಹಳದಿಯಾಗುವ ನಂಜುರೋಗ ತಡೆಯಲೆಂದೇ ರೂಪಿಸಿದ ತಳಿ ಅದು. ಆದರೂ ಒಂದು ಗಿಡಕ್ಕೆ ರೋಗ ಬಂದಾಗ ತಡಮಾಡದೆ ಕಿತ್ತೆಸೆದೆ, ಐದು ಉಳಿದವು. ಹೀರೆಗೆ ಹಣ್ಣುನೊಣದ ಕಾಟ. ಚುಚ್ಚಿದ ಜಾಗದಲ್ಲಿ ಜೇನಿನಂಥ ಅಂಟು ಒಸರಿ ಕಾಯಿ ಸೊಟ್ಟಗಾಗುತ್ತದೆ. ಈಗ ಹೀಚು ದಪ್ಪಗಾಗುತ್ತಿದ್ದಂತೆ ಹಳೆಯ ಪಂಚೆಯಲ್ಲಿ ಹೊಲಿದ ಚೀಲ ತೊಡಿಸುತ್ತೇನೆ.

ಮೇ ಮೊದಲ ವಾರದಲ್ಲಿ ಮಳೆ ಬಂತು. "ಭರಣಿ ಮಳೆ, ಧರಣಿ ಬೆಳೆ" ಎಂದು ಅಮ್ಮ ಫೋನಿನಲ್ಲೇ ಕೂಗಿದಳು. ಮುಖ ಎತ್ತಿ ನೆನೆಯುತ್ತಾ ನಿಂತಿದ್ದೆ. ಎರಡು ದಿನದಲ್ಲಿ ಬಸಳೆಯ ಕುಡಿ ಗೇಣುದ್ದ ಚಾಚಿತ್ತು. ಆ ವಾರ ಹೊಸ ಎಲೆ ಹಾಕಿ ಮಾಡಿದ ಹುಳಿಯ ರುಚಿ ಇನ್ನೂ ಬಾಯಲ್ಲಿದೆ.

ಮಾರುಕಟ್ಟೆಯಲ್ಲಿ ಕಂತೆಗಟ್ಟಲೆ ಸೊಪ್ಪು ಸಿಗುವಾಗ ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ನನಗೆ ಇದು ಬೇಕು. ಅಕ್ಕಿ ತೊಳೆದ ನೀರನ್ನು ಮೋರಿಗೆ ಚೆಲ್ಲುವಾಗ ಈಗ ಜೀವ ಹಿಡಿದಂತಾಗುತ್ತದೆ. ಆ ಎಚ್ಚರ ಯಾವ ಮಾರುಕಟ್ಟೆಯಲ್ಲೂ ಸಿಗುವುದಿಲ್ಲ. ಹಾಗೆಂದು ಮನೆಗೆ ಬೇಕಾದ ತರಕಾರಿಯನ್ನೆಲ್ಲ ತಾರಸಿಯಲ್ಲೇ ಬೆಳೆಯಿರಿ ಎಂದು ಆಸೆ ಹುಟ್ಟಿಸುವ ವಿಡಿಯೊಗಳನ್ನು ನಾನು ಒಪ್ಪುವುದಿಲ್ಲ. ಬೇಸಿಗೆಯ ನಾಲ್ಕು ತಿಂಗಳು ನಮ್ಮ ಮನೆಗೆ ವಾರಕ್ಕೆರಡು ಸಲ ಸೊಪ್ಪು, ಒಂದೆರಡು ಹೀರೆ, ಒಂದು ಹಿಡಿ ಬೆಂಡೆ ಸಿಗುತ್ತದೆ. ಎರಡು ಬಕೆಟ್ ನೀರಿಗೆ ಅದು ಬಹಳ.

ಗೆಳತಿ ಐವತ್ತು ಚೀಲಗಳಲ್ಲಿ ಮೂವತ್ತೈದನ್ನು ಜೂನ್‌ವರೆಗೆ ಮಡಚಿಡಲು ಒಪ್ಪಿದ್ದಾಳೆ. ಟೊಮೆಟೊ ಆಸೆ ಮಾತ್ರ ಬಿಟ್ಟಿಲ್ಲ, ಮಳೆಗಾಲಕ್ಕೆ ನೋಡೋಣ ಎಂದಿದ್ದೇನೆ. ಭಾನುವಾರ ಬಸಳೆ ಕಡ್ಡಿ ಒಯ್ಯಲು ಬರುತ್ತಾಳೆ. ನಿಮಗೂ ಬೇಕಿದ್ದರೆ ತಿಳಿಸಿ, ಗೇಣುದ್ದದ ಹತ್ತು ಹನ್ನೆರಡು ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿರುತ್ತೇನೆ. ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಊರಿ, ಮೊದಲ ವಾರ ನೆರಳಿನಲ್ಲಿಡಿ.