ಭರವಸೆಯ ಗಣಿಗೆ ನಷ್ಟವೆಂಬುದಿಲ್ಲ

ಕೋಲಾರದ ಚಿನ್ನದ ಗಣಿಯನ್ನು 2001ರ ಫೆಬ್ರವರಿ 28ರಂದು ನಷ್ಟದ ಕಾರಣ ನೀಡಿ ಮುಚ್ಚಲಾಯಿತಾದರೂ, ಅದರ ಮಗ್ಗುಲಲ್ಲೇ ತೆರೆದ ಭರವಸೆಯ ಗಣಿ ಇಂದಿನವರೆಗೂ ಒಂದು ಪಾಳಿಯನ್ನೂ ತಪ್ಪಿಸದೆ ನಡೆದುಬಂದಿದೆ. ಅಲ್ಲಿ ಬಂಡೆ ಸಿಡಿಯುವ ಭಯವಿಲ್ಲ, ಶ್ವಾಸಕೋಶಕ್ಕೆ ದೂಳು ಹೊಕ್ಕುವ ಕಾಟವಿಲ್ಲ. ಚುನಾವಣೆ ಸಮೀಪಿಸಿದಂತೆಲ್ಲ ಉತ್ಪಾದನೆ ತಾನಾಗಿಯೇ ಏರುತ್ತದೆ.

ಹಳೆಯ ಗಣಿಗೆ ಈ ಭಾಗ್ಯವಿರಲಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟಂದಿನಿಂದ, ಉತ್ತರ ಆರ್ಕಾಟು, ಚಿತ್ತೂರು ಸೀಮೆಗಳಿಂದ ಬಂದ ಕೂಲಿಕಾರರು ಚಾಂಪಿಯನ್ ರೀಫ್ ಎಂಬ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನವನ್ನು ಮೇಲೆತ್ತಿಕೊಟ್ಟರು. ಅಧಿಕಾರಿಗಳಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನಗಳು ದೊರೆತವು. ಇಳಿದವರಿಗೆ ಒತ್ತೊತ್ತಾದ ಲೈನ್ ಮನೆಗಳು, ಪಾಳಿ ಮುಗಿದು ಹೊರಬರುವಾಗ ಮೈ ತಡಕುವ ಕಾವಲುಗಾರರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಹರಿದುಬಂದದ್ದು ಈ ಗಣಿಯ ಯಂತ್ರಗಳಿಗೆ; ಬೆಂಗಳೂರು 1905ರವರೆಗೆ ಕಾಯಬೇಕಾಯಿತು. ಆ ಕಾಯಿಸಿದ್ದಕ್ಕೆ ಬಡ್ಡಿ ವಸೂಲು ಮಾಡುವಂತೆ, ಇಂದು ಕೆಜಿಎಫ್‌ನ ಜನರು ನಸುಕಿನಲ್ಲೇ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿನಲ್ಲಿ ದುಡಿದು, ಊಟದ ಹೊತ್ತು ಮೀರಿದ ಮೇಲೆ ಮನೆ ಸೇರುತ್ತಾರೆ.

ಇನ್ನು ಸೈನೈಡ್ ಗುಡ್ಡಗಳ ವಿಚಾರ. ಅದಿರಿನಿಂದ ಸೈನೈಡ್ ಬಳಸಿ ಚಿನ್ನ ಬೇರ್ಪಡಿಸಿ ಚೆಲ್ಲಿದ ನುಣುಪಾದ ಪುಡಿಯೇ ಇಲ್ಲಿ ಗುಡ್ಡವಾಗಿ ನಿಂತಿದೆ. ಗಾಳಿಯೆದ್ದಾಗ ಅದು ಅನ್ನದ ತಟ್ಟೆಯವರೆಗೂ ಬರುತ್ತದೆಂದು ನಿವಾಸಿಗಳು ದೂರಿದರೆ ಅದು ಬರಿಯ ದೂಳು. ಅದೇ ಪುಡಿ ಹರಾಜಿನ ಪ್ರಸ್ತಾವದೊಳಗೆ ಕಾಲಿಟ್ಟೊಡನೆ ರಾಷ್ಟ್ರೀಯ ಸಂಪತ್ತು. 2024ರ ಜೂನ್‌ನಲ್ಲಿ, ಸಾವಿರ ಎಕರೆಯಷ್ಟು ಹರಡಿರುವ ಇಂತಹ 13 ಗುಡ್ಡಗಳನ್ನು ಹರಾಜಿಗಿಡುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಸಮ್ಮತಿಸಿತು. ಟನ್ನಿಗೆ ಒಂದು ಗ್ರಾಂ ತುಂಬದ ಚಿನ್ನವನ್ನು ಆ ಪುಡಿಯಲ್ಲಿ ಕಾಣಬಲ್ಲ ಸರ್ಕಾರದ ಸೂಕ್ಷ್ಮದೃಷ್ಟಿಗೆ, ಅದರ ಬುಡದಲ್ಲೇ ಕೆಮ್ಮುತ್ತಿರುವ ಊರು ಮಾತ್ರ ಕಾಣದಿರುವುದು ಬಹುಶಃ ಅಳತೆಯ ದೋಷವಿರಬೇಕು. ಮನುಷ್ಯರನ್ನು ಗ್ರಾಮಿನ ಲೆಕ್ಕದಲ್ಲಿ ತೂಗುವ ಪದ್ಧತಿ ಇನ್ನೂ ಬಂದಿಲ್ಲವಲ್ಲ.

ಗಣಿ ಮುಚ್ಚಿದಾಗ ಕೆಲಸ ಕಳೆದುಕೊಂಡವರು ಬಾಕಿಗಾಗಿ, ವಾಸವಿದ್ದ ಮನೆಯ ಹಕ್ಕಿಗಾಗಿ ವರ್ಷಾನುಗಟ್ಟಲೆ ಅಲೆದರು. ಅವರ ಅರ್ಜಿಗಳಲ್ಲಿ ಟನ್ನಿಗೆ ಎಷ್ಟು ಗ್ರಾಂ ಇದೆಯೆಂದು ಯಾರೂ ಪರೀಕ್ಷಿಸಲಿಲ್ಲ. ಹರಾಜಿನ ಷರತ್ತುಗಳನ್ನು ಬರೆಯುವವರಿಗೆ ನನ್ನದೊಂದು ವಿನಮ್ರ ಸಲಹೆ: ಗುಡ್ಡದ ತೂಕದಲ್ಲಿ ಒಂದಿಷ್ಟು ಕಡಿಮೆ ಕಂಡುಬಂದರೆ ಅನುಮಾನ ಬೇಡ. ಅದು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ರಾಬರ್ಟ್‌ಸನ್‌ಪೇಟೆ, ಮಾರಿಕುಪ್ಪಂ ನಿವಾಸಿಗಳ ಎದೆಯೊಳಗೆ ದಾಸ್ತಾನಾಗಿದೆ. ಪರವಾನಗಿಯಿಲ್ಲದೆ ಉಸಿರಾಡಿದ ಈ ಚಿನ್ನಕ್ಕೆ ಅವರಿಂದ ರಾಜಧನ ವಸೂಲು ಮಾಡುವ ಬಗ್ಗೆ ಆರ್ಥಿಕ ಇಲಾಖೆಯ ಅಭಿಪ್ರಾಯವನ್ನು ಕೂಡಲೇ ಪಡೆಯುವುದು ಒಳ್ಳೆಯದು.