ಅರ್ಧ ನಕ್ಷತ್ರದ ಜಗಳ

ಶನಿವಾರದ ಊಟಕ್ಕೆ ಶುಕ್ರವಾರವೇ ನಮ್ಮ ಗುಂಪಿನ ಲೆಕ್ಕಿಗ ಎಕ್ಸೆಲ್ ಶೀಟ್ ಕಳಿಸಿಬಿಟ್ಟಿದ್ದ. ಮೇಲೆ ಐವರ ಹೆಸರು, ಪಕ್ಕದಲ್ಲಿ ಹದಿನೆಂಟು ಸಾಲು. ರುಚಿಗೆ ಹತ್ತು ಅಂಕ, ಸೇವೆಗೆ ಹತ್ತು, ವಾತಾವರಣಕ್ಕೆ ಹತ್ತು, ತಟ್ಟೆಯ ಮೇಲಿನ ‘ಸಂಯೋಜನೆ’ಗೆ ಹತ್ತು, ಕೈ ತೊಳೆಯುವ ಸೋಪಿನ ಪರಿಮಳಕ್ಕೆ ಐದು. ಹೊಟ್ಟೆ ತುಂಬಿತೇ ಎಂಬ ಪ್ರಶ್ನೆಗೆ ಮಾತ್ರ ಇಡೀ ಶೀಟಿನಲ್ಲಿ ಒಂದು ಮನೆ ಇರಲಿಲ್ಲ. ಯಾಕಪ್ಪಾ ಎಂದು ಕೇಳಿದೆ. ‘ಅದು ತೀರಾ ವೈಯಕ್ತಿಕ ಕಣೋ, ಅಳೆಯೋಕಾಗಲ್ಲ’ ಎಂದ.

ತಿಂಗಳಿಗೊಮ್ಮೆ ನಾವು ಐದು ಜನ ಸೇರಿ ಒಂದು ದುಬಾರಿ ರೆಸ್ಟೋರೆಂಟಿಗೆ ಹೋಗಿ, ತಿಂದು, ಅಂಕ ಹಾಕಿ, ಲೋಕಕ್ಕೆ ತೀರ್ಪು ಕೊಡುತ್ತೇವೆ. ಲೋಕ ಕೇಳಿಲ್ಲ. ನಮ್ಮ ನಮ್ಮ ಮನೆಗಳಲ್ಲಿ ಇದನ್ನು ಮಾಸಿಕ ಉಪವಾಸ ಎನ್ನುತ್ತಾರೆ. ನಾವು ಉಂಡು ಬಂದ ರಾತ್ರಿಯೇ ಅಡುಗೆಮನೆಯಲ್ಲಿ ಪಾತ್ರೆಗಳ ಮುಚ್ಚಳ ತೆಗೆಯುವ ಸದ್ದು ಕೇಳುತ್ತದಂತೆ.

ನ್ಯಾಯಪೀಠದ ಯೋಗ್ಯತೆಯನ್ನು ಮೊದಲೇ ಹೇಳಿಬಿಡುತ್ತೇನೆ. ಲೆಕ್ಕಿಗನಿಗೆ ವರ್ಷವಿಡೀ ನೆಗಡಿ, ಮೂಗಿಗೆ ಯಾವ ವಾಸನೆಯೂ ಹತ್ತುವುದಿಲ್ಲ. ಇನ್ನೊಬ್ಬ ಯಾವತ್ತೋ ಹನ್ನೊಂದು ದಿನ ಯುರೋಪಿಗೆ ಹೋಗಿಬಂದವನು. ಅವನ ಪ್ರತಿ ಮಾತೂ ‘ಅಲ್ಲಿ ಹೀಗಲ್ಲ’ ಎಂದೇ ಶುರು. ಮೂರನೆಯವಳು ಫೋಟೋದವಳು. ಅವಳ ಫೋನು ಉಂಡ ಮೇಲೆಯೇ ಉಳಿದವರ ಪಂಕ್ತಿ. ನಾಲ್ಕನೆಯವನು ಹಸಿವಾಗಿದೆ ಎಂಬ ಒಂದೇ ಕಾರಣಕ್ಕೆ ಬರುತ್ತಾನೆ, ಹಾಗಾಗಿ ಅವನ ಅಂಕವನ್ನು ನಾವು ಅರ್ಧ ಮಾತ್ರ ಹಿಡಿಯುತ್ತೇವೆ. ಐದನೆಯವನು ನಾನು: ಬೇರೆಯವರು ಏನು ಹಾಕಿದ್ದಾರೆಂದು ಇಣುಕಿ ನೋಡಿ, ಅದರ ನಡುವಿನ ಅಂಕ ಹಾಕುವ ಸ್ವತಂತ್ರ ವಿಮರ್ಶಕ.

ಈ ಬಾರಿಯದ್ದು ನೆಲಮಾಳಿಗೆಯಲ್ಲಿತ್ತು. ಬೆಳಕು ಎಷ್ಟು ಕಮ್ಮಿ ಎಂದರೆ, ಮೆನು ಓದಲು ಐವರೂ ಫೋನಿನ ಟಾರ್ಚ್ ಹಚ್ಚಿಕೊಂಡು ಕಳ್ಳತನವಾದ ಮನೆಯಲ್ಲಿ ಮಹಜರಿಗೆ ಬಂದ ಪೊಲೀಸರ ಹಾಗೆ ಕಾಣುತ್ತಿದ್ದೆವು. ಪ್ರತಿ ಹೆಸರಿನ ಮುಂದೆ ಬರೀ ಒಂದು ಅಂಕಿ. ಅದು ದುಡ್ಡೋ, ಕ್ಯಾಲೊರಿಯೋ, ಕೋಣೆ ನಂಬರೋ ಹೇಳುವ ಯಾವ ಗುರುತೂ ಇಲ್ಲ. ಮುದ್ರಣದವನ ಮರೆವಲ್ಲ ಅದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2009ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ: ಡಾಲರ್ ಚಿಹ್ನೆಯಾಗಲಿ ಆ ಪದವಾಗಲಿ ಇಲ್ಲದ ಬರೀ ಅಂಕಿಯ ಮೆನು ಹಿಡಿದವರು ಉಳಿದವರಿಗಿಂತ ಹೆಚ್ಚು ಖರ್ಚು ಮಾಡಿದರು. ಮೆನುವಿನಲ್ಲಿ ಕಾಣೆಯಾದ ಚಿಹ್ನೆ ಬಿಲ್ಲಿನ ಹೊತ್ತಿಗೆ ತಪ್ಪದೆ ಮನೆಗೆ ಮರಳಿರುತ್ತದೆ.

ಬಿಲ್ಲು ಸಮಪಾಲು ಎಂದು ಮೊದಲೇ ಒಪ್ಪಂದ. ಗೆಳೆತನದಲ್ಲಿ ಲೆಕ್ಕ ಇರಬಾರದಲ್ಲ. ಆ ಮಾತು ಮುಗಿಯುತ್ತಲೇ ಲೆಕ್ಕಿಗ ಮೆನುವನ್ನು ಬಲಗಡೆಯಿಂದ ಓದತೊಡಗಿದ. ದೊಡ್ಡ ಅಂಕಿ ಎಲ್ಲಿ ಕಂಡಿತೋ ಅಲ್ಲಿ ಬೆರಳು ನಿಂತಿತು. ಅವನನ್ನು ಬೈಯುವಂತಿಲ್ಲ. 2004ರಲ್ಲಿ ಪ್ರಕಟವಾದ ಒಂದು ಅರ್ಥಶಾಸ್ತ್ರದ ಅಧ್ಯಯನದಲ್ಲಿ ಜನರನ್ನು ನಿಜವಾದ ಊಟದ ಮೇಜಿಗೇ ಕೂರಿಸಿ ನೋಡಿದ್ದರು. ತಂತಮ್ಮ ಬಿಲ್ಲು ಕೊಡುವವರಿಗಿಂತ ಪಾಲು ಹಾಕಿಕೊಳ್ಳುವವರು ಹೆಚ್ಚು ತರಿಸಿಕೊಂಡರು. ಮೊದಲೇ ಕೇಳಿದಾಗ ಹೆಚ್ಚಿನವರು ‘ಅವರವರದ್ದು ಅವರವರೇ ಕೊಡೋಣ’ ಎಂದಿದ್ದವರೇ. ನಾನೂ ಅದನ್ನೇ ಹೇಳಬೇಕೆಂದಿದ್ದೆ. ಆಮೇಲೆ ಲೆಕ್ಕಿಗ ತರಿಸಿದ್ದನ್ನು ನೋಡಿ, ಅದರ ಐದನೇ ಒಂದು ಭಾಗ ನನ್ನ ಜೇಬಿನಿಂದಲೇ ಹೋಗುವುದು ಹೊಳೆದು, ನಾನೂ ಬಲಗಡೆಯಿಂದಲೇ ಓದಿದೆ.

ಅರ್ಧ ಗಂಟೆಯ ಮೇಲೆ ತಟ್ಟೆಗಳು ಬಂದವು. ತಟ್ಟೆ ಎಂದೆ, ಅದು ಕಪ್ಪು ಕಲ್ಲಿನ ಹಲಗೆ, ಒಂದು ಮೊಳ ಅಗಲ. ಅದರ ಒಂದು ಮೂಲೆಯಲ್ಲಿ ಬೆರಳಿನಿಂದ ಒರೆಸಿದಂತೆ ಹಸಿರು ಸಾಸಿನ ಒಂದು ಗೆರೆ. ಗೆರೆಯ ಎಡಕ್ಕೊಂದು ತುಣುಕು, ಬಲಕ್ಕೊಂದು ತುಣುಕು, ನಡುವೆ ದುಂಡಗೆ ಬೂದುಬಣ್ಣದ್ದೊಂದು. ತುಣುಕಿನ ನೆತ್ತಿಯ ಮೇಲೆ ಚಿಮಟದಿಂದ ಇಟ್ಟ ಒಂದೇ ಒಂದು ಎಲೆ, ಉಗುರಿನಷ್ಟು. ಗಾಜಿನ ಗುಮ್ಮಟ ಎತ್ತಿದಾಗ ಹೊಗೆ ಬಂತು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎನ್ನುತ್ತಾರಲ್ಲ, ಆ ಅರೆಕಾಸಿಗೆ ಧೂಪ ಹಾಕಿ ತಂದಿದ್ದರು.

‘ಸರ್, ಷೆಫ್ ಹೇಳೋ ಪ್ರಕಾರ ಮೊದಲು ಎಡಗಡೇದು ತಗೊಳ್ಳಿ, ಆಮೇಲೆ ಬಲಗಡೇದು’ ಎಂದ ವೇಟರ್ ಹುಡುಗ. ಬೆನ್ನು ನೆಟ್ಟಗೆ, ಕೈ ಹಿಂದೆ, ಬಾಯಿಪಾಠ ಒಪ್ಪಿಸುವ ಧ್ವನಿ. ‘ಇದು ಅವರ ಬಾಲ್ಯದ ಮಳೆಗಾಲದ ಒಂದು ನೆನಪು. ಮಧ್ಯದ್ದು ತಿನ್ನೋದಲ್ಲ ಸರ್, ಅನುಭವಿಸೋದು.’

ಅಷ್ಟು ಹೊತ್ತಿಗೆ ಹಸಿದವನ ಬಾಯಲ್ಲಿ ಕಟಕ್ ಎಂದಿತ್ತು.

‘ಏನ್ರೀ ಇದು?’

‘ಕಲ್ಲು ಸರ್. ಹೊಳೇದು.’

ಹಸಿದವನು ಅದನ್ನು ಕರವಸ್ತ್ರಕ್ಕೆ ಉಗಿದು, ನಾಲಗೆಯಿಂದ ಹಲ್ಲು ಎಣಿಸಿಕೊಂಡ. ಯುರೋಪಿನವನು ಅವನತ್ತ ಬಾಗಿ ಬಹಳ ಗಂಭೀರವಾಗಿ ಕೇಳಿದ: ‘ಟೆಕ್ಸ್ಚರ್ ಹೇಗಿತ್ತು?’ ಲೆಕ್ಕಿಗ ‘ಸಂಯೋಜನೆ’ಯ ಸಾಲಿನಲ್ಲಿ ಒಂಬತ್ತು ಒತ್ತಿದ.

ಫೋಟೋದವಳ ಪಂಕ್ತಿ ಶುರುವಾಯಿತು. ಮೇಲಿನಿಂದ, ಪಕ್ಕದಿಂದ, ಕುರ್ಚಿ ಹತ್ತಿ, ಹೊಗೆ ಸಾಲದೆಂದು ಗುಮ್ಮಟವನ್ನು ಎರಡನೇ ಸಲ ತರಿಸಿ. ನಮ್ಮ ಐದು ಫೋನುಗಳ ಟಾರ್ಚು ಆಗ ಸ್ಟುಡಿಯೋ ದೀಪವಾಯಿತು. ಎಲ್ಲ ಮುಗಿದು ಚಮಚ ಎತ್ತುವಾಗ ಎಡಗಡೆಯದ್ದೂ ತಣ್ಣಗಾಗಿತ್ತು, ಬಲಗಡೆಯದ್ದೂ ತಣ್ಣಗಾಗಿತ್ತು. ‘ಬಿಸಿ’ ಎಂಬ ಸಾಲಿನಲ್ಲಿ ಎಲ್ಲರಿಗಿಂತ ಕಡಿಮೆ ಅಂಕ ಹಾಕಿದವಳು ಅವಳೇ. ‘ಇಂಥಾ ಜಾಗದಲ್ಲಿ ಬಿಸಿಬಿಸಿ ಕೊಡೋಕಾಗಲ್ವಾ?’

ಚಮಚ ಮಾತ್ರ ಭರ್ಜರಿ. ತುಣುಕಿಗಿಂತ ನಾಲ್ಕು ಪಟ್ಟು ತೂಕ. ಮೂಗಿಗಿಂತ ಮೂಗುತಿ ಭಾರ ಎನ್ನುವುದನ್ನು ಇಷ್ಟು ದಿನ ನಾನು ಬೈಗುಳ ಎಂದುಕೊಂಡಿದ್ದೆ, ಅದು ವ್ಯಾಪಾರದ ಸೂತ್ರವಂತೆ. 2015ರಲ್ಲಿ ಎಡಿನ್‌ಬರೋದ ಒಂದು ಹೋಟೆಲಿನಲ್ಲಿ ಒಂದೇ ಊಟವನ್ನು ಕೆಲವರಿಗೆ ಭಾರದ ಚಮಚ-ಫೋರ್ಕಿನ ಜೊತೆ, ಕೆಲವರಿಗೆ ಹಗುರದ್ದರ ಜೊತೆ ಬಡಿಸಿದರು. ಭಾರ ಹಿಡಿದವರಿಗೆ ತಟ್ಟೆ ಹೆಚ್ಚು ಕಲಾತ್ಮಕವಾಗಿ ಕಂಡಿತು, ಹೆಚ್ಚು ದುಡ್ಡು ಕೊಡಲೂ ಅವರು ತಯಾರಿದ್ದರು. ಅಂದರೆ ನಮ್ಮ ಮೆಚ್ಚುಗೆಯ ಒಂದು ಪಾಲು ಮಣಿಕಟ್ಟಿನದು. ಅದಕ್ಕೂ ಶೀಟಿನಲ್ಲಿ ಸಾಲಿಲ್ಲ.

‘ಅಲ್ಲಿ ಇಂಥದ್ದಕ್ಕೆ ಎರಡು ಮಿಶೆಲಿನ್ ಸ್ಟಾರ್ ಗ್ಯಾರಂಟಿ’ ಎಂದ ಯುರೋಪಿನವನು. ಅವನು ಅಲ್ಲಿ ಅಂಥದ್ದೊಂದು ಹೋಟೆಲಿನ ಬಾಗಿಲ ಮುಂದೆ ನಿಂತು ತೆಗೆಸಿಕೊಂಡ ಫೋಟೋ ನಾವೆಲ್ಲ ನೋಡಿದ್ದೇವೆ. ಒಳಗಿನದ್ದು ಯಾರೂ ನೋಡಿಲ್ಲ. ಆದರೆ ಈ ನಕ್ಷತ್ರಗಳ ವಂಶವೃಕ್ಷ ನನಗೆ ಬಹಳ ಇಷ್ಟ. ಮಿಶೆಲಿನ್ ಎಂದರೆ ಟೈರು ಕಂಪನಿ. 1900ರಲ್ಲಿ ಫ್ರಾನ್ಸಿನಲ್ಲಿ ಕಾರುಗಳೇ ಬೆರಳೆಣಿಕೆಯಷ್ಟಿದ್ದಾಗ ಕಂಪನಿಯ ಮಾಲೀಕರಾದ ಮಿಶೆಲಿನ್ ಅಣ್ಣತಮ್ಮಂದಿರು ಚಾಲಕರಿಗೆಂದು ಒಂದು ಕೈಪಿಡಿ ಹಂಚಿದರು, ಪುಕ್ಕಟೆಯಾಗಿ. ನಕ್ಷೆ, ಟೈರು ಬದಲಿಸುವ ವಿಧಾನ, ಎಲ್ಲಿ ರಿಪೇರಿ, ಎಲ್ಲಿ ಊಟ. ಜನ ಓಡಾಡಬೇಕು, ಟೈರು ಸವೆಯಬೇಕು. ನಕ್ಷತ್ರ ಹುಟ್ಟಿದ್ದು 1926ರಲ್ಲಿ, ಒಂದು ಎರಡು ಮೂರು ಎಂಬ ಮೆಟ್ಟಿಲು ಬಂದದ್ದು 1931ರಲ್ಲಿ. ಅದರ ಅರ್ಥವನ್ನು ಇವತ್ತಿಗೂ ಓದಿ ನೋಡಿ: ಒಂದು ಎಂದರೆ ದಾರಿಯಲ್ಲಿ ಸಿಕ್ಕರೆ ನಿಲ್ಲಬಹುದು, ಎರಡು ಎಂದರೆ ಸುತ್ತು ಹಾಕಿಯಾದರೂ ಹೋಗಬಹುದು, ಮೂರು ಎಂದರೆ ಅದಕ್ಕೆಂದೇ ಪ್ರಯಾಣ ಹೊರಡಬಹುದು. ಇದರಲ್ಲಿ ನಾಲಗೆಯ ಮಾತೆಲ್ಲಿದೆ? ಇರುವುದೆಲ್ಲ ರಬ್ಬರಿನ ಮಾತೇ.

ನಮ್ಮಂಥ ಗುಂಪಿಗೆ ನಿಜವಾದ ಮೂಲಪುರುಷ ಇನ್ನೊಬ್ಬ ಇದ್ದಾನೆ. ಪ್ಯಾರಿಸ್ಸಿನ ಗ್ರಿಮೋ ದ ಲಾ ರೆನಿಯೇರ್. 1803ರಿಂದ 1812ರವರೆಗೆ ಊಟಪ್ರಿಯರಿಗೆಂದು ಎಂಟು ಸಂಪುಟಗಳ ವಾರ್ಷಿಕ ತಂದ ಮಹಾನುಭಾವ. ಅವನೂ ಗೆಳೆಯರ ಮಂಡಳಿ ಕಟ್ಟಿದ್ದ. ಅಡುಗೆಯವರು, ಅಂಗಡಿಯವರು ತಮ್ಮ ಸರಕನ್ನು ಕಳಿಸಬೇಕು, ಮಂಡಳಿ ಕೂತು ತಿನ್ನಬೇಕು, ತೀರ್ಪು ಅಚ್ಚಾಗಬೇಕು. ಕಳಿಸುವುದು ಬಿಟ್ಟಿಯಾಗಿ, ಅದನ್ನು ಬೇರೆ ಹೇಳಬೇಕಿಲ್ಲ. ಪಕ್ಷಪಾತದ ಆಪಾದನೆ ಆ ಕಾಲಕ್ಕೇ ಬಂದಿತ್ತು. ಕೊನೆಗೆ ಅವನು ತಾನು ಸತ್ತೆನೆಂದು ಸುದ್ದಿ ಕಳಿಸಿ, ಬಂದ ಗೆಳೆಯರ ಜೊತೆ ಊಟಕ್ಕೆ ಕೂತನೆಂಬ ಕತೆಯಿದೆ. ಊಟಕ್ಕೆ ಅಂಕ ಹಾಕಿ ಸಾಕಾಗಿ ಗೆಳೆಯರಿಗೇ ಹಾಕಿದ ಎನ್ನಿ. ನಮ್ಮಲ್ಲಿ ಯಾರಾದರೂ ಹಾಗೆ ಸುದ್ದಿ ಕಳಿಸಿದರೆ ಲೆಕ್ಕಿಗನಿಂದ ಮೊದಲು ಬರುವುದು ಶೀಟಿನ ಲಿಂಕು.

ಬಿಲ್ಲು ಬಂತು. ಮೇಜು ಮೌನವಾಯಿತು. ಐದರಿಂದ ಭಾಗಿಸಿದ ಮೇಲೂ ಮೌನವೇ. ಆಗ ವೇಟರ್ ಹುಡುಗ ಒಂದು ಟ್ಯಾಬ್ಲೆಟ್ ತಂದು ಫೋಟೋದವಳ ಕೈಗಿಟ್ಟು, ಅಲ್ಲೇ ನಿಂತ. ‘ಮೇಡಂ, ಒಂದು ರೇಟಿಂಗ್. ನನ್ನ ಹೆಸರೂ ಹಾಕಿದ್ರೆ ಒಳ್ಳೇದು.’ ಅವನ ಕಣ್ಣು ಐದನೇ ನಕ್ಷತ್ರದ ಮೇಲೆಯೇ ಇತ್ತು. ಅವನಿಗೆ ಅಷ್ಟು ಆಸೆ ಇದ್ದುದಕ್ಕೆ ಕಾರಣವಿದೆ. ಸಿಯಾಟಲ್ ನಗರದ ರೆಸ್ಟೋರೆಂಟುಗಳ ಲೆಕ್ಕ ತೆಗೆದ ಹಾರ್ವರ್ಡ್‌ನ ಸಂಶೋಧಕರೊಬ್ಬರು 2011ರಲ್ಲಿ ಹೇಳಿದ್ದು: ಗಿರಾಕಿಗಳು ಅಂಕ ಹಾಕುವ ಯೆಲ್ಪ್ ಎಂಬ ಜಾಲತಾಣದಲ್ಲಿ ಒಂದು ನಕ್ಷತ್ರ ಏರಿದರೆ ವರಮಾನ ಶೇ. 5ರಿಂದ 9ರಷ್ಟು ಏರುತ್ತದೆ. ಆ ಐದು-ಒಂಬತ್ತರಲ್ಲಿ ಹುಡುಗನಿಗೆ ಎಷ್ಟು ಸಿಗುತ್ತದೋ, ಬೈಗುಳ ಮಾತ್ರ ಪೂರ್ತಿ ಅವನಿಗೇ. ಐವರೂ ಐದೈದು ಒತ್ತಿದೆವು. ಕಲ್ಲು ಕಡಿದವನೂ ಒತ್ತಿದ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎನ್ನುವ ಗಾದೆ ಹಳೆಯದಾಯಿತು. ಆ ಟ್ಯಾಬ್ಲೆಟ್ಟಿನಲ್ಲಿ ಬೇಕಾದಷ್ಟು ಜಾಗವಿತ್ತು.

ಅದು ಮುಖ ನೋಡಿ ಕೊಟ್ಟ ಅಂಕ. ನಿಜವಾದ ತೀರ್ಪು ಬರೆಯಲು ಪಾರ್ಕಿಂಗ್‌ನಲ್ಲಿ, ಕಾರಿನ ಒಳಗೆ ಪೀಠ ಸೇರಿತು. ಲೆಕ್ಕಿಗ ಎಲ್ಲ ಸಾಲು ಕೂಡಿಸಿ ‘ಮೂರೂವರೆ’ ಎಂದ. ಅರ್ಧ ನಕ್ಷತ್ರ ಹಾಕಲು ಬರುವುದಿಲ್ಲ. ಮೂರೋ, ನಾಲ್ಕೋ?

ಮುಕ್ಕಾಲು ಗಂಟೆ ಜಗಳ. ‘ಮೂರು ಹಾಕಿದ್ರೆ ನಾನು ಫೋಟೋ ಹೆಂಗೆ ಹಾಕ್ಲಿ? ಆಗಲೇ ಎಲ್ಲರೂ ಹೊಟ್ಟೆ ಉರ್ಕೊಂಡಿದಾರೆ’ ಎಂದಳು ಫೋಟೋದವಳು. ಜಾಗ ಹುಡುಕಿದವನು ಯುರೋಪಿನವನು. ಮೂರು ಎಂದರೆ ಅವನ ಅಭಿರುಚಿಗೇ ಕಲ್ಲು ಹೊಡೆದಂತೆ. ಹಸಿದವನು ‘ಎರಡು’ ಎಂದ. ಅವನದನ್ನು ಅರ್ಧ ಹಿಡಿಯುವ ನಿಯಮದಂತೆ ಅದು ಒಂದಾಗುತ್ತದೆ, ಒಂದು ಕೊಡುವುದು ತೀರಾ ಕ್ರೌರ್ಯ ಎಂದು ಅವನ ಮತವನ್ನೇ ಕೈಬಿಟ್ಟೆವು. ಲೆಕ್ಕಿಗ ಕೊನೆಗೆ ಗುಟ್ಟು ಬಿಚ್ಚಿದ: ‘ನೋಡ್ರೋ, ಇಷ್ಟು ದುಡ್ಡು ಕೊಟ್ಟು ಕೆಟ್ಟದ್ದು ತಿಂದ್ವಿ ಅಂತ ಬರೆದ್ರೆ ಹೋಟ್ಲವನ ಮಾನ ಹೋಗಲ್ಲ. ನಮ್ದು ಹೋಗತ್ತೆ.’

ಸರ್ವಾನುಮತದಿಂದ ನಾಲ್ಕು. ಬರೆಯುವ ಕೆಲಸ ನನಗೆ ಬಂತು. ‘ವಾತಾವರಣ ಮನಸ್ಸಿಗೆ ಮುದ ನೀಡುತ್ತದೆ. ಪ್ರತಿ ತುತ್ತೂ ಒಂದು ನೆನಪು.’ ತುತ್ತು ಎರಡೇ ಇದ್ದದ್ದರಿಂದ ಇದು ಸುಳ್ಳಲ್ಲ.

ಹೀಗೆಲ್ಲ ಬರೆಯುವಾಗ ನನಗೆ ಲಂಡನ್ನಿನ ಒಬ್ಬ ಪತ್ರಕರ್ತ ನೆನಪಾಗುತ್ತಾನೆ. 2017ರಲ್ಲಿ ಊಬಾ ಬಟ್ಲರ್ ಎಂಬಾತ ತಾನು ವಾಸವಿದ್ದ ಹಿತ್ತಲಿನ ಶೆಡ್ಡನ್ನೇ ‘ದಿ ಶೆಡ್ ಅಟ್ ಡಲ್ವಿಚ್’ ಎಂಬ ರೆಸ್ಟೋರೆಂಟ್ ಎಂದು ಟ್ರಿಪ್‌ಅಡ್ವೈಸರ್ ಎಂಬ ವಿಮರ್ಶೆಗಳ ಜಾಲತಾಣಕ್ಕೆ ಸೇರಿಸಿದ. ತಿಂಗಳುಗಟ್ಟಲೆ ಒಲೆ ಹಚ್ಚಲಿಲ್ಲ, ಒಬ್ಬರಿಗೂ ಬಡಿಸಲಿಲ್ಲ. ಫೋಟೋದಲ್ಲಿ ನೊರೆಯಂತೆ ಕಂಡದ್ದು ಗಡ್ಡ ಬೋಳಿಸುವ ಕ್ರೀಮು. ಗೆಳೆಯರಿಂದ ಸುಳ್ಳು ಹೊಗಳಿಕೆ ಬರೆಸಿ, ಫೋನು ಮಾಡಿದವರಿಗೆಲ್ಲ ‘ಜಾಗ ಇಲ್ಲ’ ಎಂದ. ಅದೇ ವರ್ಷ ಅದು ಆ ತಾಣದ ಪಟ್ಟಿಯಲ್ಲಿ ಲಂಡನ್ನಿನ ಒಂದನೇ ನಂಬರಿನ ರೆಸ್ಟೋರೆಂಟ್ ಆಯಿತು. ಪಾಪ ಲಂಡನ್ನಿನವರು ಎಂದು ನಾವು ಅವತ್ತು ಬಿದ್ದು ಬಿದ್ದು ನಕ್ಕಿದ್ದೆವು.

ಸೋಮವಾರ ಮಾಲೀಕರ ಉತ್ತರ ಬಂತು. ‘ನಿಮ್ಮ ಮೆಚ್ಚುಗೆಗೆ ಧನ್ಯವಾದ. ನಮ್ಮ ತಾರಸಿಯಿಂದ ಕಾಣುವ ಸೂರ್ಯಾಸ್ತ ಎಲ್ಲರಿಗೂ ಇಷ್ಟವಾಗುತ್ತದೆ. ಮತ್ತೆ ಬನ್ನಿ.’

ನಾವು ಉಂಡದ್ದು ನೆಲಮಾಳಿಗೆಯಲ್ಲಿ. ಹುಡುಕಿ ನೋಡಿದರೆ ಅದೇ ಹೆಸರಿನ ಇನ್ನೊಂದು ರೆಸ್ಟೋರೆಂಟ್, ಬೇರೆ ಊರು, ಬೇರೆ ಮಾಲೀಕ. ಕಾರಿನ ಕತ್ತಲಲ್ಲಿ ಮೊದಲು ಕಂಡ ಹೆಸರನ್ನೇ ಒತ್ತಿದ್ದೆ. ಗುಂಪಿಗೆ ತಪ್ಪೊಪ್ಪಿಕೊಂಡು, ಅಳಿಸಿಬಿಡಲೇ ಎಂದು ಕೇಳಿದೆ.

‘ಬೇಡ, ಹನ್ನೊಂದು ಜನ ಉಪಯುಕ್ತ ಅಂತ ಒತ್ತಿದಾರೆ’ ಎಂದಳು ಫೋಟೋದವಳು.

‘ಅಲ್ಲಿ ಊಟ ಹೆಂಗಿರತ್ತಂತೆ?’ ಎಂದು ಕೇಳಿದ ಹಸಿದವನು.

‘ನಾಲ್ಕು ಸ್ಟಾರ್ ಇದೆಯಲ್ಲೋ, ಚೆನ್ನಾಗೇ ಇರತ್ತೆ’ ಎಂದ ಯುರೋಪಿನವನು. ಲೆಕ್ಕಿಗ ಆಗಲೇ ಮುಂದಿನ ತಿಂಗಳ ಶೀಟಿಗೆ ಸೂರ್ಯಾಸ್ತದ ಸಾಲು ಸೇರಿಸಿ ಕಳಿಸಿದ್ದ, ಹತ್ತು ಅಂಕಕ್ಕೆ.