ಹೆಬ್ಬಾವಿಗೊಂದು ಕೋಣೆ: ಕೊಡಬಹುದೇ, ಕೊಡಬಾರದೇ?

ಪರ

ಹೆಬ್ಬಾವು ಸಾಕುವವರೆಂದರೆ ಹೆಗಲಿಗೆ ಹಾವು ಸುತ್ತಿಕೊಂಡು ಫೋಟೊ ತೆಗೆಸಿಕೊಳ್ಳುವವರು ಎಂದೇ ಜನ ತಿಳಿದಿದ್ದಾರೆ. ನಾನು ವಾದಿಸುತ್ತಿರುವುದು ಅಂಥವರ ಪರವಾಗಿ ಅಲ್ಲ. ಹಾವು ತರುವ ಮೊದಲೇ ಅದಕ್ಕೊಂದು ಕೋಣೆ ಸಿದ್ಧಮಾಡಿ ಇಡುವವರ ಪರವಾಗಿ.

ಸಾಕುವ ದೊಡ್ಡ ಜಾತಿಗಳಲ್ಲೊಂದಾದ ಬರ್ಮೀಸ್ ಹೆಬ್ಬಾವು ಬೇಟೆಯನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ, ಹೊಂಚು ಹಾಕಿ ಕೂರುತ್ತದೆ. ಅದು ಕೇಳುವುದು ಮೈದಾನವನ್ನಲ್ಲ. ಮೈ ಪೂರ್ತಿ ಚಾಚುವಷ್ಟು ಉದ್ದದ ಗೂಡು, ಅಡಗಲು ಒಂದು ಮರೆ, ಮುಳುಗಿ ಮಲಗುವಷ್ಟು ದೊಡ್ಡ ನೀರಿನ ತೊಟ್ಟಿ ಇರಬೇಕು. ಗೂಡಿನ ಒಂದು ತುದಿ ಸುಮಾರು 32 ಡಿಗ್ರಿ ಸೆಲ್ಸಿಯಸ್, ಇನ್ನೊಂದು 26ರ ಆಸುಪಾಸಿನಲ್ಲಿದ್ದರೆ ಅದು ಅತ್ತಿತ್ತ ಸರಿದು ಮೈಯ ಶಾಖ ಹೊಂದಿಸಿಕೊಳ್ಳುತ್ತದೆ. (ಮೊಟ್ಟೆಗಳನ್ನು ಸುತ್ತಿಕೊಂಡ ತಾಯಿ ಮಾತ್ರ ಮೈ ನಡುಗಿಸಿ ತಾನೇ ಬಿಸಿ ಹುಟ್ಟಿಸುತ್ತದೆ.) ಬಿಸಿ ದೀಪಕ್ಕೆ ಜಾಲರಿ, ಶಾಖ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಎರಡೂ ಬೇಕು, ಇಲ್ಲದಿದ್ದರೆ ಹಾವು ಅದಕ್ಕೇ ಒರಗಿ ಸುಟ್ಟುಕೊಳ್ಳುತ್ತದೆ. ತೇವ ಕಡಿಮೆಯಾದರೆ ಪೊರೆ ಚೂರುಚೂರಾಗಿ ಅಂಟಿಕೊಳ್ಳುತ್ತದೆ, ತೇವ ಮಿತಿ ಮೀರಿ ಗಾಳಿಯೂ ಆಡದಿದ್ದರೆ ಶ್ವಾಸಕೋಶಕ್ಕೆ ಸೋಂಕು.

ಇನ್ನು ಕಚ್ಚುವ ಭಯ. ಸಾಕಿದ ಹಾವಿನ ಕಡಿತ ಹೆಚ್ಚಾಗಿ ಸಿಟ್ಟಿನದಲ್ಲ, ಊಟದ ಗೊಂದಲದ್ದು. ತುಟಿಯ ಮೇಲಿನ ಕುಳಿಗಳಿಂದ ಅದು ಶಾಖವನ್ನು ಗುರುತಿಸುತ್ತದೆ. ಮೊಲದ ವಾಸನೆ ಹತ್ತಿದ ಬೆಚ್ಚನೆಯ ಕೈ ಅದಕ್ಕೆ ಮೊಲವೇ. ಆದ್ದರಿಂದ ಊಟವಿಲ್ಲದ ದಿನ ಬಾಗಿಲು ತೆರೆದೊಡನೆ ಕೊಕ್ಕೆಯಿಂದ ಮೈಯನ್ನು ಮೆಲ್ಲಗೆ ತಟ್ಟುತ್ತಾರೆ. ತಟ್ಟಿದರೆ ಊಟವಿಲ್ಲ ಎಂಬ ಆ ಗುರುತನ್ನು ಹಾವು ಕಲಿಯುತ್ತದೆ. ಊಟಕ್ಕೆ ಸತ್ತ ಪ್ರಾಣಿ, ಇಕ್ಕಳದಲ್ಲಿ. ಎರಡೂವರೆ ಮೀಟರು ದಾಟಿದ ಹಾವನ್ನು ಒಬ್ಬರೇ ಮುಟ್ಟುವಂತಿಲ್ಲ. ಇಷ್ಟನ್ನು ತಪ್ಪದೆ ಮಾಡುವವರಿಗೆ ಬೇಡ ಎನ್ನಲು ನನಗೆ ಕಾರಣ ಕಾಣುವುದಿಲ್ಲ.

ವಿರೋಧ

ಗೂಡಿನ ಲೆಕ್ಕ ಸರಿಯಾಗಿದೆ. ಆಯುಸ್ಸಿನ ಲೆಕ್ಕ ಎಲ್ಲಿ?

ಕೊಳ್ಳುವಾಗ ಮರಿ ಅರ್ಧ ಮೀಟರಿಗಿಂತ ತುಸು ಉದ್ದ, ಅಂಗೈಯಲ್ಲಿ ಸುತ್ತಿಕೊಂಡು ಕೂರುತ್ತದೆ. ಕೆಲವೇ ವರ್ಷಗಳಲ್ಲಿ ಮೂರು ಮೀಟರು. ಇನ್ನೂ ಉದ್ದ ಬೆಳೆಯುವ ರೆಟಿಕ್ಯುಲೇಟೆಡ್ ಜಾತಿಯ ಹೆಬ್ಬಾವಾದರೆ ಆರು ಮೀಟರನ್ನೂ ಮುಟ್ಟಬಹುದು. ಬದುಕುವುದು ಇಪ್ಪತ್ತು ವರ್ಷಕ್ಕೂ ಮಿಕ್ಕಿ. ಅಷ್ಟರಲ್ಲಿ ಸಾಕಿದವನ ಕೆಲಸ, ಮನೆ, ಬೆನ್ನಿನ ಬಲ ಎಲ್ಲವೂ ಬದಲಾಗಿರುತ್ತವೆ. ಜೊತೆಗೊಬ್ಬರು ಇರಬೇಕು ಎಂಬ ನಿಯಮ ನನಗೂ ಒಪ್ಪಿಗೆ. ಆದರೆ ಇಪ್ಪತ್ತು ವರ್ಷ, ಗೂಡು ತೊಳೆಯುವ ಪ್ರತಿ ಸಲವೂ ಬಂದು ನಿಲ್ಲುವ ಆ ಇನ್ನೊಬ್ಬರು ಯಾರು?

ಬೇಡವಾದ ದೊಡ್ಡ ಹೆಬ್ಬಾವನ್ನು ಮೃಗಾಲಯಗಳೂ ಸುಲಭವಾಗಿ ತೆಗೆದುಕೊಳ್ಳುವುದಿಲ್ಲ. ಆಗ ಕೆಲವರು ರಾತ್ರೋರಾತ್ರಿ ಹೊರಗೆ ಬಿಟ್ಟು ಬರುತ್ತಾರೆ. ಫ್ಲಾರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬರ್ಮೀಸ್ ಹೆಬ್ಬಾವು ನೆಲೆಯೂರಿದ್ದು ಹೀಗೆ ಬಿಟ್ಟ, ತಪ್ಪಿಸಿಕೊಂಡ ಸಾಕುಹಾವುಗಳಿಂದಲೇ. 2012ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ಅಲ್ಲಿ ಹಾವಿಗೆ ಬೇಟೆಯಾಗುವ ರಕೂನ್ ಎಂಬ ಸಣ್ಣ ಕಾಡುಪ್ರಾಣಿ ರಸ್ತೆಬದಿಯಲ್ಲಿ ಕಾಣಸಿಗುವುದು 99.3 ಶೇಕಡಾ ಕುಸಿದಿತ್ತು. ಅದೇ ವರ್ಷ ಅಮೆರಿಕ ಆ ಹಾವಿನ ಆಮದನ್ನು ನಿಷೇಧಿಸಿತು. ಹಾವು ಅದಾಗಲೇ ಜೌಗಿನಲ್ಲಿ ಮೊಟ್ಟೆಯಿಡುತ್ತಿತ್ತು.

ಹಾವೇ ಬೇಕೆನ್ನುವವರಿಗೆ ಬಾಲ್ ಪೈಥಾನ್ ಎಂಬ ಸಣ್ಣ ಜಾತಿಯ ಹೆಬ್ಬಾವು ಇದೆ. ಸಾಮಾನ್ಯವಾಗಿ ಒಂದೂವರೆ ಮೀಟರಿನೊಳಗೇ ನಿಲ್ಲುತ್ತದೆ, ಗಾಬರಿಯಾದರೆ ತಲೆ ಒಳಗಿಟ್ಟು ಚೆಂಡಿನಂತೆ ಸುತ್ತಿಕೊಳ್ಳುತ್ತದೆ. ಅದನ್ನು ಎತ್ತಲು ಒಬ್ಬರೇ ಸಾಕು.